ಬಂದೇನು

ಕರಾಕೋಲಿನ ಹಳೆಯ ಉಣ್ಣೆ ಗೋದಾಮಿನ ಮಹಡಿ.
ಮಂಗಳವಾರ, ಗುರುವಾರ, ಸಂಜೆ ಆರಕ್ಕೆ.
ಹೊರಗೆ ಸೊನ್ನೆಗಿಂತ ಹದಿನಾಲ್ಕು ಕೆಳಗೆ,
ಒಳಗೆ ನಾವು ಏಳು ಜನ, ಒಂದು ಕಲ್ಲಿದ್ದಲಿನ ಒಲೆ,
ಒಲೆಯ ಮೇಲೆ ಸುಯುನ್‌ಬೆಕ್ ಮೇಷ್ಟ್ರ ಒದ್ದೆ ಟೋಪಿ.

ಬೇಸಿಗೆಗೆ ಪರದೇಶದವರು ಬರುತ್ತಾರೆ, ಸರೋವರ ನೋಡಲು.
ನನ್ನ ಮನೆಯಲ್ಲಿ ಬಾಡಿಗೆಗೆ ನಾಲ್ಕು ಹಾಸಿಗೆ.
ಹೋದ ವರ್ಷ ಡಚ್ಚರ ಹುಡುಗನೊಬ್ಬನಿಗೆ
ಬಂದಷ್ಟು ಇಂಗ್ಲಿಷಿನಲ್ಲಿ ಉಪಚಾರ ಮಾಡಿದ್ದೆ:
ಕೂತುಕೋ! ಟೀ! ಕುಡಿ!
ಪಾಪ, ಕೂತ, ಕುಡಿದ,
ಬೆಳಗ್ಗೆ ಕೇಳುವ ಮುಂಚೆಯೇ ದುಡ್ಡಿಟ್ಟು ಹೋದ.

ಅದಕ್ಕೇ ಈಗ: ವುಡ್ ಯು ಲೈಕ್ ಸಮ್ ಟೀ.
ವುಡ್ ಎಂಬುದರ ನಡುವೆ ಒಂದು ಎಲ್ ಇದೆಯಂತೆ,
ಬರೆಯಬೇಕು, ಅನ್ನಬಾರದು.
ಮರ್ಯಾದೆ ಅಂದರೆ ಹಾಗೇ ತಾನೇ, ಅಂದ
ಸಂತೆಯಲ್ಲಿ ತಣ್ಣನೆಯ ಶಾವಿಗೆ ಸಾರು ಮಾರುವ ಯಾಕೂಬ್,
ಇರುತ್ತೆ, ಕೇಳಿಸಲ್ಲ.

ಒಂದು ದಿನ ಒಲೆ ಹೊಗೆ ಕಕ್ಕಿತು.
ಮೇಷ್ಟ್ರು ಬಿಡುವವರೇ? ಕಿಟಕಿಯ ಹಿಡಿಗೆ ಕೈಯಿಟ್ಟು ಕೇಳಿದರು:
ವುಡ್ ಯು ಮೈಂಡ್ ಇಫ್ ಐ ಓಪನ್ ದ ವಿಂಡೋ?
ಯೆಸ್ ಯೆಸ್ ಯೆಸ್, ಎಂದೆವು ಕಣ್ಣುಜ್ಜುತ್ತ, ಏಳೂ ಜನ.
ಮೇಷ್ಟ್ರು ಕೈ ತೆಗೆದು ಬಂದು ಕುರ್ಚಿಯಲ್ಲಿ ಕೂತರು.
ತೆಗೆದರೆ ಬೇಜಾರೇ ಅಂತ ಕೇಳಿದೆ,
ಹೌದು ಅಂದಿರಿ.
ಕೆಮ್ಮಿದೆವು. ಪುಸ್ತಕ ತಿರುವಿದೆವು. ಇನ್ನೂ ಕೆಮ್ಮಿದೆವು.
ಆಗಲಿ ಅನ್ನಲು ನೋ ಅನ್ನಬೇಕಾದ ಊರೂ ಇದೆಯೇ ಲೋಕದಲ್ಲಿ!
ಕಡೆಗೆ ಮಿನಿಬಸ್ಸಿನ ತೆಮಿರ್‌ಕುಲ್
ನೋ, ನಾಟ್ ಅಟ್ ಆಲ್, ಎಂದು ಮುಳುಗುವವನ ಹಾಗೆ ಕೂಗಿದ.
ಹೊಗೆ ಹೋಯಿತು. ಚಳಿ ಬಂತು.

ಫೆಬ್ರವರಿಗೆ ಭವಿಷ್ಯತ್ಕಾಲ ಶುರು.
ಈಗಿಂದೀಗ ಹೊಳೆದದ್ದಕ್ಕೆ ವಿಲ್:
ಬಾಗಿಲು ಬಡಿದರು, ನಾನೇ ತೆಗೆಯುತ್ತೇನೆ.
ಮೊದಲೇ ಮನಸ್ಸು ಮಾಡಿದ್ದಕ್ಕೆ ಗೋಯಿಂಗ್ ಟು:
ಆ ಕುಂಟ ಕುರಿಯನ್ನು ಮಾರಲಿದ್ದೇನೆ.
ಟಿಕೆಟ್ಟು ಜೇಬಿನಲ್ಲಿದ್ದರೆ ಭವಿಷ್ಯತ್ತೇ ಬೇಡ,
ವರ್ತಮಾನ ಸಾಕು: ಶುಕ್ರವಾರ ಹೊರಡುತ್ತಿದ್ದೇನೆ.
ನಾಳೆ ಎಂಬುದಕ್ಕೆ ಇಷ್ಟೊಂದು ಬಾಗಿಲೇ, ಎಂದು ನಗಾಡಿದೆವು.
ನಮಗೆ ಒಂದೇ ಸಾಕಾಗಿತ್ತು.

ಆ ರಾತ್ರಿ ಸುರ್ಗುತ್‌ನಿಂದ ಇವರ ಫೋನು.
ಲಾರಿಯ ಎಂಜಿನ್ ಆರಿಸುವಂತಿಲ್ಲ ಅಲ್ಲಿ, ಹೆಪ್ಪುಗಟ್ಟುತ್ತದೆ,
ಆ ಗುರುಗುಟ್ಟುವಿಕೆಯ ಮೇಲೆಯೇ ಮಾತು.
ವಸಂತಕ್ಕೆ? ಎಂದೆ.
ಕೆಲೆರ್ಮಿನ್, ಎಂದರು, ಎಂದಿನಂತೆ.

ಹನ್ನೊಂದು ವರ್ಷ ಅದನ್ನು
ಬರ್ತೀನಿ ಎಂದೇ ಕೇಳಿಸಿಕೊಂಡವಳು ನಾನು.
ಬರುವವರು ಕೆಲೆಮ್ ಅನ್ನುತ್ತಾರೆ.
ಕೆಲೆರ್ಮಿನ್ ಅಂದರೆ
ಬಂದೇನು.
ಇತ್ತು ಅದು, ಮಾತಿನ ನಡುವೆಯೇ.
ಫೋನಿಟ್ಟು ತುಂಬ ಹೊತ್ತು ಕೂತೆ. ಸಿಟ್ಟೇನಲ್ಲ,
ಸ್ವಂತ ಮನೆಯಲ್ಲಿ ತೆರೆಯದ ಒಂದು ಕೋಣೆ ಸಿಕ್ಕ ಹಾಗೆ.

ಮಾರ್ಚಿನಲ್ಲಿ ಅವರೇ ಕೇಳಿದರು, ಎಂದಿಲ್ಲದ ನಯದಲ್ಲಿ:
ಇನ್ನೊಂದು ಚಳಿಗಾಲ ಇಲ್ಲೇ ಇದ್ದರೆ
ಬೇಜಾರೇ ನಿನಗೆ, ಝಿಪರ್?
ಯೆಸ್, ಎಂದೆ. ಯೆಸ್, ಐ ವುಡ್.
ಎಲ್ಲಾ ಬಾಯಲ್ಲೇ ಉಳಿಯಿತು, ಒಂದಕ್ಷರವೂ ಕೆಡದೆ.
ಅರೆ, ಇಂಗ್ಲಿಷ್ ಬಂತಲ್ಲೇ! ನಕ್ಕರು.
ಯೆಸ್ ಎಂದರೆ ಆಗಲಿ ಎಂಬಷ್ಟು ಅವರಿಗೂ ಗೊತ್ತು.
ಬಾಯ್ತುಂಬ ಥ್ಯಾಂಕ್ಯೂ ಹೇಳಿ ಇಟ್ಟರು.

ಮನೆಪಾಠಕ್ಕೆ ಭವಿಷ್ಯತ್ತಿನ ಹತ್ತು ವಾಕ್ಯ ಬೇಕಿತ್ತು.
ಒಂದೇ ಬರೆದೆ, ಮೂರನೆಯ ಬಗೆಯದು:
ಮೇ ತಿಂಗಳಲ್ಲಿ ಐದನೆಯ ಹಾಸಿಗೆ ಹಾಕುತ್ತಿದ್ದೇನೆ,
ಮೂಲೆಯ ಕೋಣೆಯಲ್ಲಿ, ಅವರ ಬಟ್ಟೆಪೆಟ್ಟಿಗೆ ಇದ್ದ ಜಾಗದಲ್ಲಿ.
ನಿಜವೇ ಎಂದು ಕೇಳಿದರು ಮೇಷ್ಟ್ರು, ಕೆಂಪು ಪೆನ್ನು ಎತ್ತಿ ಹಿಡಿದು,
ಇಲ್ಲ ಬರೀ ಅಭ್ಯಾಸಕ್ಕೋ?
ಬಡಗಿಗೆ ಮುಂಗಡ ಕೊಟ್ಟಾಗಿದೆ, ಎಂದೆ.